ವಚನದ ಕಟ್ಟು ಹೊಸ ಮನೆಗೆ ಬಂದಾಗ





ಕೆಲವು ತಿಂಗಳ ಹಿಂದೆ ಮಂಠಾಳದ ಕಡೆಯ ವಯೋವೃದ್ಧ ಭಕ್ತರೊಬ್ಬರು ಮಠಕ್ಕೆ ಬಂದು, ಬಿಳಿಯ ವಸ್ತ್ರದಲ್ಲಿ ಸುತ್ತಿ ತಂದಿದ್ದ ಒಂದು ಸಿಡಿಯನ್ನು ನಮ್ಮ ಮುಂದಿಟ್ಟರು. ಶ್ರಾವಣ ಮಾಸದ ಪ್ರವಚನಗಳಲ್ಲಿ ತಾವು ಹಲವಾರು ವರ್ಷ ಕೇಳಿ, ಮನನ ಮಾಡಿ ಬರೆದಿಟ್ಟ ವಚನ ನಿರ್ವಚನಗಳನ್ನು ಇಪ್ಪತ್ತು ವರ್ಷಗಳ ಹಿಂದೆ ಬಸವಕಲ್ಯಾಣದಲ್ಲಿ ಡಿಟಿಪಿ ಮಾಡಿಸಿ ಅದರಲ್ಲಿ ಕಾಪಿಟ್ಟಿದ್ದರು. ಕೈಬರಹದ ನೋಟುಪುಸ್ತಕಗಳನ್ನು ಅದಾಗಲೇ ಗೆದ್ದಲು ತಿಂದಿತ್ತು. ಇವನ್ನು ಮಠದ ಜಾಲತಾಣಕ್ಕೆ ಸೇರಿಸಬೇಕೆಂಬುದು ಅವರ ಅಪೇಕ್ಷೆ. ಕಡತವನ್ನು ತೆರೆದಾಗ ಗಣಕದ ಪರದೆಯ ಮೇಲೆ ಕನ್ನಡದ ಒಂದಕ್ಷರವೂ ಕಾಣಲಿಲ್ಲ. ಇಂಗ್ಲಿಷ್ ಅಕ್ಷರಗಳು, ನೆತ್ತಿಯ ಮೇಲೆ ಚುಕ್ಕೆ ಗೆರೆ ಹೊತ್ತ ಅಪರಿಚಿತ ಲಿಪಿಚಿಹ್ನೆಗಳು, ಅಷ್ಟೇ. ಹಿರಿಯರು ಗಾಬರಿಯಿಂದ, “ಶರಣ್ರೇ, ನಾ ಬರೆದದ್ದು ಎಲ್ಲಿ ಹೋತ್ರೀ?” ಎಂದು ಕೇಳಿದರು.

ಎಲ್ಲಿಗೂ ಹೋಗಿರಲಿಲ್ಲ. ಆದರೆ ಅದನ್ನು ಮರಳಿ ಕರೆತರುವ ಕಾರ್ಯದಲ್ಲಿ ನಾವು ಕಲಿತ ಪಾಠಗಳನ್ನು ಸದ್ಭಕ್ತರ ಮುಂದೆ ನಿವೇದಿಸುವುದು ಅಗತ್ಯವೆನಿಸಿತು. ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ, ಮಠಗಳಲ್ಲಿ, ಶಾಲೆಗಳಲ್ಲಿ ಇಂತಹ ಕಟ್ಟುಗಳು ಬಿಚ್ಚದೆ ಉಳಿದಿವೆ. ಒಂದು ನೆಲೆಯಿಂದ ಹೊರತೆಗೆದ ಬರಹ ಮತ್ತೊಂದು ನೆಲೆಗೆ ಬಂದು ಬಿದ್ದ ಮಾತ್ರಕ್ಕೆ ಸಾಗಣೆ ಪೂರ್ಣವಾಗುವುದಿಲ್ಲ. ಅದನ್ನು ಒಬ್ಬರು ಕುಳಿತು ಅಕ್ಷರಶಃ ಓದಿದಾಗಲೇ ಪೂರ್ಣವಾಗುತ್ತದೆ ಎಂಬುದೇ ಈ ಬರಹದ ಅಭಿಪ್ರಾಯ.

ವಚನಗಳ ಚರಿತ್ರೆಯೇ ಸಾಗಣೆಯ ಚರಿತ್ರೆ. ಕಲ್ಯಾಣಕ್ರಾಂತಿಯ ತರುವಾಯ ಚೆನ್ನಬಸವಣ್ಣನವರೊಡನೆ ಉಳವಿಯತ್ತ ನಡೆದ ಶರಣರು ವಚನದ ಕಟ್ಟುಗಳನ್ನು ಹೊತ್ತು ಸಾಗಿದರೆಂಬುದು ಪರಂಪರೆಯ ನಂಬುಗೆ. 15ನೆಯ ಶತಮಾನದಲ್ಲಿ ವಿರಕ್ತರು ಚದುರಿದ ವಚನಗಳನ್ನು ಕಲೆಹಾಕಿದರು. ಶಿವಗಣಪ್ರಸಾದಿ ಮಹಾದೇವಯ್ಯನವರು ಅವುಗಳನ್ನು ಸಂವಾದರೂಪದಲ್ಲಿ ಹೆಣೆದು ಶೂನ್ಯಸಂಪಾದನೆಯನ್ನು ಕಟ್ಟಿದರು. ಅನಂತರ ಹಲಗೆಯದೇವರು, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಪರಿಷ್ಕರಿಸಿದರು. ವಿಜಯಪುರದ ವಕೀಲರಾಗಿದ್ದ ಡಾ. ಫ. ಗು. ಹಳಕಟ್ಟಿಯವರು ಊರೂರು ಅಲೆದು ತಾಡೋಲೆಗಳನ್ನು ಸಂಗ್ರಹಿಸಿ, ಪ್ರತಿ ಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನೂ 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿ, ವಾಸಿಸುವ ಮನೆಯನ್ನೇ ಆ ಕಾಯಕಕ್ಕೆ ಧಾರೆಯೆರೆದರು. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಂಪುಟವನ್ನು 15 ಸಂಪುಟಗಳಲ್ಲಿ ಹೊರತಂದಿತು. ಆ ಸಂಪುಟಗಳ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳು ಮುಂದೆ ಯೂನಿಕೋಡ್ ರೂಪ ತಳೆದು, ‘ವಚನ ಸಂಚಯ’ ಎಂಬ ಜಾಲತಾಣದಲ್ಲಿ ಪದವೊಂದನ್ನು ಹಿಡಿದು ಹುಡುಕುವಂತಾದವು.

ಓಲೆಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ, ಅಚ್ಚಿನಿಂದ ಗಣಕಕ್ಕೆ. ಪ್ರತಿಯೊಂದು ದಾಟಿನಲ್ಲಿಯೂ ಏನೋ ಒಂದಿಷ್ಟು ಉಳಿಯಿತು, ಏನೋ ಒಂದಿಷ್ಟು ಸೋರಿತು. ಓಲೆಗರಿಯಲ್ಲಿ ಪಠ್ಯವು ಸಾಲು ಮುರಿಯದೆ ಏಕಧಾರೆಯಾಗಿ ಹರಿಯುತ್ತಿತ್ತು. ಇಂದು ನಾವು ಕಾಣುವ ಸಾಲುಗಳು ಸಂಪಾದಕರು ಮಾಡಿಕೊಟ್ಟವು. ಆದುದರಿಂದ ಯಾವುದನ್ನು ಕಳೆದುಕೊಳ್ಳಬಾರದು ಎಂಬ ವಿವೇಕ ಸಾಗಣೆಗೆ ಮೊದಲು ಬೇಕು.

ಈಗ ಆ ಸಿಡಿಯ ವಿಷಯಕ್ಕೆ ಬರೋಣ. ನುಡಿ, ಬರಹ, ಶ್ರೀಲಿಪಿ, ಆಕೃತಿ ಮೊದಲಾದ ತಂತ್ರಾಂಶಗಳು ಕನ್ನಡಕ್ಕೆ ಸಲ್ಲಿಸಿದ ಸೇವೆ ದೊಡ್ಡದು. ಆದರೆ ಅವುಗಳ ಹಳೆಯ ಕ್ರಮದಲ್ಲಿ ಗಣಕದ ಒಳಗೆ ಕನ್ನಡವೇ ಇರುತ್ತಿರಲಿಲ್ಲ. ಒಳಗೆ ಇಂಗ್ಲಿಷಿನ ಸಂಕೇತ, ಮೇಲೆ ಕನ್ನಡದ ಆಕಾರ. ಆ ಅಕ್ಷರವಿನ್ಯಾಸ ಗಣಕದಲ್ಲಿ ಇರುವವರೆಗೆ ಕನ್ನಡ, ಇಲ್ಲದಿದ್ದರೆ ಗೋಜಲು. ಇದನ್ನು ಹಿರಿಯರಿಗೆ ತಿಳಿಸುವಾಗ ಭಾಲ್ಕಿಯ ಪೂಜ್ಯ ಚನ್ನಬಸವ ಪಟ್ಟದ್ದೇವರ ನೆನಪಾಯಿತು. ನಿಜಾಮರ ಆಳ್ವಿಕೆಯಲ್ಲಿ ಅವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿಯನ್ನು ಬೀದರ ಜಿಲ್ಲೆಯ ಮಕ್ಕಳೂ ಬಲ್ಲರು. ಅಲ್ಲಿ ಹೊರಗೆ ಪರಭಾಷೆ, ಒಳಗೆ ಕನ್ನಡ. ಇಲ್ಲಿ ಹೊರಗೆ ಕನ್ನಡ, ಒಳಗೆ ಪರಭಾಷೆ. ಆ ಫಲಕ ಆ ಕಾಲಕ್ಕೆ ಅನಿವಾರ್ಯವಾಗಿದ್ದಂತೆ ಈ ವೇಷವೂ ಆ ಕಾಲಕ್ಕೆ ಅನಿವಾರ್ಯವಾಗಿತ್ತು. ಹಿರಿಯರು ಈ ಮಾತು ಕೇಳಿ ನಕ್ಕರು, ಗಾಬರಿ ಇಳಿಯಿತು.

1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ನೆಲೆ ದೊರೆತಿತ್ತು. ಹಳೆಯ ಸಂಕೇತದಿಂದ ಈ ನೆಲೆಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿಯೇ ದೊರೆಯುತ್ತವೆ. ನಾವೂ ಅಂತಹ ಒಂದನ್ನು ಬಳಸಿದೆವು. ಕ್ಷಣಮಾತ್ರದಲ್ಲಿ 240 ಪುಟಗಳು ಕನ್ನಡವಾದವು. ಅಲ್ಲಿಗೆ ಕೆಲಸ ಮುಗಿಯಿತೆಂದು ಭಾವಿಸಿ ಜಾಲತಾಣಕ್ಕೆ ಏರಿಸಿಯೂ ಬಿಟ್ಟೆವು. ಅದು ನಮ್ಮ ಅವಸರ.

ಓದತೊಡಗಿದಾಗ ತಪ್ಪುಗಳು ಒಂದೊಂದಾಗಿ ಕಂಡವು. ಹಳೆಯ ವಿನ್ಯಾಸದಲ್ಲಿ ಮಕಾರವನ್ನು ವಕಾರದ ಒಡಲಿಗೆ ಉಕಾರದ ಕೊಂಬನ್ನು ಕೂಡಿಸಿ ಕಟ್ಟಲಾಗುತ್ತಿತ್ತು. ಕೆಲವೆಡೆ ನಡುವೆ ಜಾಗ ಬಿಟ್ಟುಹೋಗಿದ್ದರಿಂದ ‘ಮನ’ವು ‘ವುನ’ವಾಗಿತ್ತು. ‘ಧರ್ಮ’ ಎಂಬಲ್ಲಿ ಅರ್ಕಾವೊತ್ತು ಹಳೆಯ ಕ್ರಮದಲ್ಲಿ ಕಣ್ಣಿಗೆ ಕಾಣುವಂತೆ ಮಕಾರದ ನಂತರ ದಾಖಲಾಗುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಕ್ಕೆ ಅನುಗುಣವಾಗಿ ಮಕಾರಕ್ಕೆ ಮೊದಲೇ ಬರಬೇಕು. ಸಾಧನವು ಈ ಸ್ಥಾನಪಲ್ಲಟವನ್ನು ಮರೆತ ಕಡೆ ರಕಾರ ಅನಾಥವಾಗಿ ನಿಂತಿತ್ತು. ಎಲ್ಲಕ್ಕಿಂತ ಸೋಜಿಗದ್ದು ‘ಲಿಂಗ’ ಎಂಬ ಪದ. ಹುಡುಕಿದರೆ ಅನೇಕ ಪುಟಗಳಲ್ಲಿ ಅದು ದೊರೆಯಲೇ ಇಲ್ಲ. ಆದರೆ ಕಣ್ಣಿಗೆ ಕಾಣುತ್ತಿತ್ತು. ಬೆರಳಚ್ಚು ಮಾಡಿದವರು ಅನುಸ್ವಾರದ ಸೊನ್ನೆಯ ಬದಲು ಕನ್ನಡ ಅಂಕಿಯ ಸೊನ್ನೆಯನ್ನು ಒತ್ತಿದ್ದರು. ನಮ್ಮ ಕಣ್ಣಿಗೆ ಎರಡೂ ಸೊನ್ನೆ ಒಂದೇ. ಗಣಕಕ್ಕೆ ಒಂದು ಅಕ್ಷರ, ಇನ್ನೊಂದು ಲೆಕ್ಕ.

ಇವೆಲ್ಲ ಅಕ್ಷರದೋಷಗಳು, ತಿದ್ದಬಹುದು. ಆದರೆ ನಿಜವಾದ ಅಪಚಾರವೊಂದು ನಮ್ಮಿಂದಲೇ ಆಗಿತ್ತು. ಕಡತವನ್ನು ಏರಿಸುವಾಗ ತಲೆಬರಹಗಳು ಬಿಟ್ಟುಹೋಗಿದ್ದವು. ಯಾವ ನಿರ್ವಚನ ಯಾವ ಶರಣರದೆಂದು ವಿಂಗಡಿಸಲು ನಮ್ಮ ಯುವಕರು ಅಂಕಿತದ ಮೂಲಕ ಹುಡುಕಿ ವರ್ಗೀಕರಿಸಿದರು. ಉಪಾಯ ಒಳ್ಳೆಯದೇ. ಆದರೆ ಆಯ್ದಕ್ಕಿ ಮಾರಯ್ಯನವರ ಅಂಕಿತ ‘ಅಮರೇಶ್ವರಲಿಂಗ’. ಅವರ ಧರ್ಮಪತ್ನಿ ಲಕ್ಕಮ್ಮನವರ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಹುಡುಕಿದ ಪದ ಎರಡರಲ್ಲಿಯೂ ಇದ್ದುದರಿಂದ ಲಕ್ಕಮ್ಮನವರ ವಚನಗಳ ಮೇಲಿನ ಚಿಂತನವೆಲ್ಲ ಮಾರಯ್ಯನವರ ಹೆಸರಿಗೆ ಸೇರಿಹೋಗಿತ್ತು. ಹೆಚ್ಚು ಅಕ್ಕಿಯನ್ನು ಆಯ್ದು ತಂದ ಪತಿಯನ್ನು ಎಚ್ಚರಿಸಿ, ಮರಳಿ ಸುರಿದು ಬರುವಂತೆ ಮಾಡಿದ ಆ ತಾಯಿಯ ಮಾತುಗಳು ಪತಿಯ ಲೆಕ್ಕಕ್ಕೆ ಜಮೆಯಾಗಿದ್ದವು! ಒಂದು ಅಕ್ಷರವೂ ಕಳೆದಿರಲಿಲ್ಲ, ಪುಟಗಳು ಅಂದವಾಗಿಯೇ ಕಾಣುತ್ತಿದ್ದವು. ಸಿಡಿ ತಂದ ಹಿರಿಯರು ಓದಿಸಿ ಕೇಳಿದಾಗಲೇ ಇದು ಪತ್ತೆಯಾದುದು. ಹೆಣ್ಣುಮಗಳೊಬ್ಬಳ ಮಾತು ಅವಳದೇ ಹೆಸರಿನಲ್ಲಿ ಎಂಟುನೂರು ವರ್ಷ ಉಳಿದುಬಂದಿರುವಾಗ ನಮ್ಮ ಕೈಯಲ್ಲಿ ಅರ್ಧ ದಿನದಲ್ಲಿ ಅದು ಅಳಿಸಿಹೋಗುವುದರಲ್ಲಿತ್ತು. ಯಂತ್ರ ತಪ್ಪು ಮಾಡಿತೆಂದು ಹೇಳುವಂತಿಲ್ಲ. ಕೇಳಿದ್ದನ್ನೇ ಅದು ಕೊಟ್ಟಿತು. ಕೇಳುವಾಗ ನಾವು ಎಚ್ಚರ ತಪ್ಪಿದೆವು.

ಆ ಬಳಿಕ ನಾವು ಕೆಲವು ಕ್ರಮಗಳನ್ನು ಗೊತ್ತುಪಡಿಸಿಕೊಂಡೆವು. ಸದ್ಭಕ್ತರಿಗೂ ಅವು ಉಪಯುಕ್ತವಾಗಬಹುದು.

ಮೊದಲನೆಯದು, ಮೂಲ ಕಡತವನ್ನು ಎಂದಿಗೂ ಅಳಿಸಬಾರದು. ಹಳೆಯ ವಿನ್ಯಾಸದ ಗೋಜಲು ಕಂಡರೆ ಹೆದರಬೇಕಾಗಿಲ್ಲ, ಅದರೊಳಗೆ ಬರಹ ಜೀವಂತವಾಗಿದೆ. ಆದರೆ ಏರಿಸಿದ ಮೇಲೆ ಅಕ್ಷರಗಳ ಸ್ಥಾನದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಅಲ್ಲಿಯೇ ನಿಲ್ಲಬೇಕು. ಕನ್ನಡವನ್ನು ಅರಿಯದ ದತ್ತಕೋಶದಲ್ಲಿ ಬರಹ ಇಳಿದಾಗ ಹೀಗಾಗುತ್ತದೆ. ಆ ಚಿಹ್ನೆಗಳಿಂದ ಅಕ್ಷರಗಳನ್ನು ಮರಳಿ ಪಡೆಯಲಾಗದು. ಮೂಲವಿದ್ದರೆ ಮಾತ್ರ ಮತ್ತೆ ಪ್ರಯತ್ನಿಸಬಹುದು.

ಎರಡನೆಯದು, ಚಿತ್ರಗಳ ವಿಷಯ. ಬ್ಲಾಗರ್ ಅಥವಾ ವರ್ಡ್‌ಪ್ರೆಸ್ಸಿನಿಂದ ಹೊರತೆಗೆದ ರಫ್ತು ಕಡತದಲ್ಲಿ ಬರಹವಿರುತ್ತದೆ, ದಿನಾಂಕವಿರುತ್ತದೆ. ಚಿತ್ರಗಳು ಇರುವುದಿಲ್ಲ, ಅವುಗಳ ವಿಳಾಸ ಮಾತ್ರ ಇರುತ್ತದೆ. ಹಳೆಯ ನೆಲೆ ಜೀವಂತವಾಗಿರುವಾಗಲೇ ಹೊಸ ನೆಲೆ ಆ ವಿಳಾಸಕ್ಕೆ ಹೋಗಿ ಚಿತ್ರವನ್ನು ತರಬೇಕು. ಹಿಂದೊಮ್ಮೆ ಈ ಸೂಕ್ಷ್ಮವನ್ನರಿಯದೆ ಹಳೆಯದನ್ನು ಮುಚ್ಚಿಬಿಟ್ಟು, ಜಾತ್ರೆಯ ಛಾಯಾಚಿತ್ರಗಳನ್ನು ನಾವು ಕಳೆದುಕೊಂಡಿದ್ದೇವೆ. ಹೊಸ ಮನೆಯಲ್ಲಿ ಎಲ್ಲವನ್ನೂ ಓದಿ ನೋಡುವವರೆಗೆ ಹಳೆಯ ಮನೆಯ ದೀಪ ಆರಿಸಬಾರದು.

ಮೂರನೆಯದು, ಸಾಗಿಸುವಾಗ ತಿದ್ದಬಾರದು. ಆ ಹಿರಿಯರು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಕಲಿತವರ ಮನೆಯಲ್ಲಿ ಬೆಳೆದವರು. ಅವರ ಬರಹದಲ್ಲಿ ‘ಖರೇ’, ‘ಜರಾ’ ಎಂಬ ನಮ್ಮ ಸೀಮೆಯ ಮಾತುಗಳು ಧಾರಾಳವಾಗಿವೆ. ಯುವಕರೊಬ್ಬರು ಅವನ್ನು ‘ನಿಜ’, ‘ಸ್ವಲ್ಪ’ ಎಂದು ಬದಲಿಸಲು ಹೊರಟಿದ್ದರು. ಉದ್ದೇಶ ಒಳ್ಳೆಯದಾದರೂ ಅದು ಸಲ್ಲದು. ಆಡುಮಾತಿನಲ್ಲಿಯೇ ಅನುಭಾವವನ್ನು ನುಡಿದ ಶರಣರ ಮಾರ್ಗದಲ್ಲಿ ನಡೆಯುವವರು ಆಡುಮಾತಿಗೆ ನಾಚಬಾರದು.

ಇಲ್ಲಿ ಒಂದು ಆಕ್ಷೇಪವಿದೆ. ವಚನಗಳೆಲ್ಲ ಅಚ್ಚಾಗಿವೆ, ಜಾಲದಲ್ಲಿಯೂ ದೊರೆಯುತ್ತವೆ, ಇಷ್ಟು ಶ್ರಮವೇಕೆ? ಆಕ್ಷೇಪದಲ್ಲಿ ಸತ್ಯಾಂಶವಿದೆ. ಜಾಲತಾಣ ಆರಂಭಿಸುವ ಪ್ರತಿಯೊಬ್ಬರೂ ಮೊದಲು ಬಸವಣ್ಣನವರ ವಚನಗಳನ್ನೇ ಮತ್ತೊಮ್ಮೆ ಏರಿಸುತ್ತಾರೆ. ಭಕ್ತಿ ಮೆಚ್ಚತಕ್ಕದ್ದು; ಆದರೆ ಹತ್ತು ಕಡೆ ಇರುವುದನ್ನು ಹನ್ನೊಂದನೆಯ ಕಡೆ ಇಡುವುದಕ್ಕಿಂತ, ಒಂದೇ ಕಡೆ ಇರುವುದನ್ನು ಎರಡನೆಯ ಕಡೆ ಇಡುವುದು ತುರ್ತಿನ ಕಾಯಕ. ಮಂಠಾಳದ ಹಿರಿಯರ ನಿರ್ವಚನ, ಹುಮನಾಬಾದಿನ ಯಾವುದೋ ಮನೆಯ ಭಜನೆಯ ಹೊತ್ತಿಗೆ, ಹಳೆಯ ಪ್ರವಚನದ ಟಿಪ್ಪಣಿ, ಇವು ಯಾವ ಸಂಪುಟದಲ್ಲಿಯೂ ಇಲ್ಲ. ಹೋದರೆ ಹೋದವೇ.

ಜಾಲದಲ್ಲಿಟ್ಟರೆ ಶಾಶ್ವತವೆಂಬ ಭ್ರಮೆಯೂ ಬೇಡ. ಲಕ್ಷಾಂತರ ಪುಟಗಳಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ಗೂಗಲ್ ಪ್ಲಸ್ 2019ರಲ್ಲಿ. ಟೈಪ್‌ಪ್ಯಾಡ್ 2025ರ ಸೆಪ್ಟೆಂಬರ್ 30ರಂದು. ಪ್ರತಿ ಬಾರಿಯೂ ಗಡುವಿನೊಳಗೆ ಕಟ್ಟು ಕಟ್ಟಿಕೊಂಡು ಹೊರಟವರದು ಉಳಿಯಿತು. ಸ್ಥಾವರವೆಂದು ನಂಬಿದ್ದು ಅಳಿಯುತ್ತದೆ, ಚಲಿಸಬಲ್ಲದ್ದು ಉಳಿಯುತ್ತದೆ ಎಂಬುದನ್ನು ಜಂಗಮ ತತ್ತ್ವವನ್ನು ಒಪ್ಪಿದ ನಮಗೆ ಬೇರೆಯವರು ಹೇಳಬೇಕಾಗಿಲ್ಲ.

ಆದುದರಿಂದ ನಮ್ಮ ವಿನಂತಿ ಇಷ್ಟು. ತಮ್ಮ ಮನೆಯಲ್ಲಿ ಹಳೆಯ ಸಿಡಿ, ಪೆನ್‌ಡ್ರೈವ್, ಡಿಟಿಪಿ ಮಾಡಿಸಿದ ಕಡತಗಳಿದ್ದರೆ ಈ ವಾರವೇ ಹೊರತೆಗೆದು ಒಂದು ಪ್ರತಿ ಮಾಡಿಡಿರಿ. ಯಾವ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿಸಿದ್ದೆಂದು ಚೀಟಿಯಲ್ಲಿ ಬರೆದು ಜೊತೆಗಿರಿಸಿರಿ. ಅದೊಂದು ಚೀಟಿ ಮುಂದೆ ಹಲವು ದಿನಗಳ ಶ್ರಮ ಉಳಿಸುತ್ತದೆ. ಪರಿವರ್ತಿಸುವ ಕೆಲಸ ಕಿರಿಯರು ಮಾಡಲಿ, ಓದುವ ಕೆಲಸದಲ್ಲಿ ಹಿರಿಯರು ಕೂಡಲಿ. ಅಚ್ಚುಕೂಟಗಳಲ್ಲಿ ಕರಡು ತಿದ್ದುವಾಗ ಮಾಡುತ್ತಿದ್ದಂತೆ ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕಣ್ಣಿಟ್ಟು ನೋಡಲಿ. ದಿನಕ್ಕೆ ಎಂಟು ಪುಟದಂತೆ ಓದಿದರೆ 240 ಪುಟಗಳಿಗೆ 30 ದಿನ ಬೇಕು. ಅಂದರೆ ಒಂದು ಶ್ರಾವಣ ಮಾಸ! ಪ್ರವಚನ ಕೇಳಲು ಮೀಸಲಿಡುವ ತಿಂಗಳನ್ನು ಒಂದು ವರ್ಷ ಪ್ರವಚನ ಉಳಿಸಲು ಮೀಸಲಿಡುವುದು ವ್ರತಭಂಗವಲ್ಲ.

ಆ ಹಿರಿಯರು ಈಗ ವಾರಕ್ಕೆರಡು ಸಂಜೆ ಬರುತ್ತಾರೆ. ಯುವಕರು ಓದುತ್ತಾರೆ, ಅವರು ಕಣ್ಮುಚ್ಚಿ ಕೇಳುತ್ತಾರೆ. ತಪ್ಪಿದಲ್ಲಿ ಕೈಯೆತ್ತಿ ನಿಲ್ಲಿಸುತ್ತಾರೆ. ಲಕ್ಕಮ್ಮನವರ ಪುಟಗಳು ಲಕ್ಕಮ್ಮನವರ ಹೆಸರಿಗೆ ಮರಳಿವೆ. ಇನ್ನೂ 90 ಪುಟಗಳು ಬಾಕಿ ಇವೆ; ಅವು ಮುಗಿಯುವವರೆಗೆ ಸಿಡಿಯನ್ನು ಅದೇ ಬಿಳಿಯ ವಸ್ತ್ರದಲ್ಲಿ ಸುತ್ತಿ ಮಠದ ಪುಸ್ತಕದ ಕಪಾಟಿನಲ್ಲಿ ಇರಿಸಲಾಗಿದೆ.