ಚೀಟಿ ಓದದವರ ದಂಡ ಮಡಿವಾಳನ ತಲೆಗೆ

ದಾವಣಗೆರೆಯ ಬಡಾವಣೆಯೊಂದರಲ್ಲಿ ಕಳೆದ ವಾರ ಒಂದು ಪಂಚಾಯ್ತಿ ನಡೆಯಿತು. ಸೈಟಿನ ತಕರಾರಲ್ಲ, ಗಂಡ ಹೆಂಡತಿ ಜಗಳವೂ ಅಲ್ಲ. ಬರೀ ಒಂದು ಹಾಸುಬಟ್ಟೆಯದು!

ಮಗಳು, ಅಳಿಯ ಹಬ್ಬಕ್ಕೆ ಬರ್ತಾರೆ ಅಂತ ಮೇಷ್ಟ್ರ ಮನೆಯವರು ಚೌಕಿಪೇಟೆಗೆ ಹೋಗಿ ರೇಷ್ಮೆಯ ಹಾಗೆ ಫಳಫಳ ಹೊಳೆಯುವ ಡಬಲ್ ಬೆಡ್ ಹಾಸು ತಂದರು. ಬೆಲೆ 1,850 ರೂಪಾಯಿ. ಹಬ್ಬ ಮುಗಿಯಿತು, ಹಾಸು ಮಡಿವಾಳನ ಗಂಟಿಗೆ ಹೋಯಿತು. ಇಪ್ಪತ್ತು ವರ್ಷದಿಂದ ಆ ಮನೆಯ ಬಟ್ಟೆ ಒಯ್ಯುವ ಮನುಷ್ಯ. ಎಂದಿನಂತೆ ಒಗೆದ, ಎಂದಿನಂತೆ ಇದ್ದಿಲ ಇಸ್ತ್ರಿ ಕಾಯಿಸಿ ಒತ್ತಿದ. ಇಸ್ತ್ರಿ ಬಟ್ಟೆಗೆ ಅಂಟಿಕೊಂಡಿತು. ಎತ್ತಿ ನೋಡಿದರೆ ಹಾಸಿನ ನಡುಮಧ್ಯೆ ಇಸ್ತ್ರಿ ಆಕಾರದ ತೂತು.

ಇಸ್ತ್ರಿಗೆ ಅವನಿಗೆ ಸಿಗುವುದು 40 ರೂಪಾಯಿ. ಕೇಳಿದ ದಂಡ 1,850. ಅಂದರೆ ಇಂಥ 46 ಹಾಸು ಇಸ್ತ್ರಿ ಮಾಡಿದರೂ ದಂಡ ತೀರುವುದಿಲ್ಲ, ಇನ್ನೂ ಹತ್ತು ರೂಪಾಯಿ ಬಾಕಿ ಉಳಿಯುತ್ತದೆ.

ಎಲ್ಲರೂ ಅಂಗಡಿಗೆ ಹೋದರು. ಸಾಹುಕಾರರು ಹಾಸಿನ ಮೂಲೆ ಹಿಡಿದು ಬೆರಳುದ್ದದ ಬಿಳಿ ಚೀಟಿ ತೋರಿಸಿದರು. "ನೋಡ್ರಿ ಮೇಷ್ಟ್ರೇ, ಇದರಾಗೆ ಎಲ್ಲಾ ಬರೆದದೆ. ನಂದೇನು ತಪ್ಪು?"

"ಏನು ಬರೆದದೆ, ಓದಿ ಹೇಳ್ರಿ ಸಾಹುಕಾರ್ರೆ" ಎಂದರು ಮೇಷ್ಟ್ರ ಹೆಂಡತಿ.

ಚೀಟಿಯಲ್ಲಿ ಅಕ್ಷರವೇ ಇರಲಿಲ್ಲ. ಐದು ಚಿತ್ರ ಇದ್ದವು. ಒಂದು ಬಾನಿ, ಒಂದು ತ್ರಿಕೋನ, ಒಂದು ಚೌಕ, ಒಂದು ಇಸ್ತ್ರಿ, ಒಂದು ಸೊನ್ನೆ. ಸಾಹುಕಾರರು ಕನ್ನಡಕ ಏರಿಸಿದರು, ಇಳಿಸಿದರು. ಮೇಷ್ಟ್ರು ಬಾನಿಯನ್ನು ಬಕೆಟ್ ಎಂದರು. ಬಿ.ಎಸ್ಸಿ. ಓದುವ ಮಗ ತ್ರಿಕೋನವನ್ನು ಅಪಾಯದ ಗುರುತು ಎಂದ. ಮಡಿವಾಳ ಕೈಕಟ್ಟಿ ನಿಂತಿದ್ದ. ನಾಲ್ವರಲ್ಲಿ ಒಬ್ಬರಿಗೂ ಆ ಚೀಟಿ ಓದಲು ಬರಲಿಲ್ಲ. ದಂಡ ಮಾತ್ರ ಕೈಕಟ್ಟಿ ನಿಂತವನಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ ತಾನೆ?

ಚೀಟಿ ಹೇಳುವುದೇನು?

ಈ ಚಿತ್ರಗಳು ಯಾರೋ ಮನಸ್ಸಿಗೆ ಬಂದಂತೆ ಗೀಚಿದ್ದಲ್ಲ. ಬಟ್ಟೆ ಒಗೆಯುವ ಗುರುತುಗಳಿಗೆಂದೇ 1963ರಲ್ಲಿ ಪ್ಯಾರಿಸ್‌ನಲ್ಲಿ ಜಿನೆಟೆಕ್ಸ್ ಎಂಬ ಸಂಸ್ಥೆ ಹುಟ್ಟಿತು. 1991ರಲ್ಲಿ ಐ.ಎಸ್.ಓ. 3758 ಎಂಬ ಅಂತರರಾಷ್ಟ್ರೀಯ ಮಾನಕವೂ ಬಂತು. ಭಾಷೆ ಬೇರೆಯಾದರೂ ಚಿತ್ರ ಎಲ್ಲರಿಗೂ ಅರ್ಥವಾಗಲಿ ಎಂಬುದು ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಚಿತ್ರಕ್ಕೂ ಒಂದು ಕಾಗುಣಿತ ಇದೆ. ಕಲಿಸದೆ ಯಾರಿಗೆ ಬರುತ್ತದೆ?

ಮೊದಲನೆಯದು ನೀರು ತುಂಬಿದ ಬಾನಿ. ಇದು ಒಗೆಯುವ ಗುರುತು. ಒಳಗೆ 30, 40, 60 ಎಂಬ ಅಂಕಿ ಇದ್ದರೆ ಅದು ನೀರಿನ ಬಿಸಿ, ಸೆಲ್ಸಿಯಸ್ ಲೆಕ್ಕದಲ್ಲಿ. ಅದಕ್ಕಿಂತ ಬಿಸಿ ಕೂಡದು, ಕಡಿಮೆ ಇದ್ದರೆ ಅಡ್ಡಿಯಿಲ್ಲ. ಬಾನಿಯಲ್ಲಿ ಕೈ ಮುಳುಗಿದ್ದರೆ ಕೈಯಲ್ಲೇ ಮೆತ್ತಗೆ ಒಗೆಯಿರಿ ಎಂದರ್ಥ. ಬಾನಿಯ ಕೆಳಗೆ ಒಂದು ಗೆರೆ ಇದ್ದರೆ ಮೆಷಿನ್ ನಿಧಾನಕ್ಕೆ ತಿರುಗಲಿ, ಎರಡು ಗೆರೆ ಇದ್ದರೆ ಇನ್ನೂ ನಿಧಾನ. ಯಾವ ಚಿತ್ರಕ್ಕೇ ಆಗಲಿ ಕತ್ತರಿ ಗುರುತು ಹೊಡೆದಿದ್ದರೆ ಆ ಕೆಲಸ ಮಾಡಲೇಬೇಡಿ ಎಂದು.

ತ್ರಿಕೋನ ಬ್ಲೀಚಿಂಗಿನದು. ಖಾಲಿ ತ್ರಿಕೋನಕ್ಕೆ ಯಾವ ಬ್ಲೀಚ್ ಆದರೂ ನಡೆಯುತ್ತದೆ. ಒಳಗೆ ಎರಡು ಓರೆಗೆರೆ ಇದ್ದರೆ ಕ್ಲೋರಿನ್ ಇರುವುದು ಬೇಡ, ಆಮ್ಲಜನಕದ ಬ್ಲೀಚ್ ಮಾತ್ರ. ಕತ್ತರಿ ಹೊಡೆದಿದ್ದರೆ ಎರಡೂ ಬೇಡ. ನಮ್ಮಲ್ಲಿ ಡಬ್ಬದಲ್ಲಿ ಸಿಗುವ ಬ್ಲೀಚಿಂಗ್ ಪುಡಿ ಕ್ಲೋರಿನ್ನಿನದೇ. ಕಲೆ ಹೋಗಲಿ ಎಂದು ಬಣ್ಣದ ಹಾಸಿಗೆ ಅದನ್ನು ಸುರಿದರೆ ಕಲೆಯ ಜೊತೆ ಬಣ್ಣವೂ ಹೋಗುತ್ತದೆ. ಉಣ್ಣೆಗೆ ಹಾಕಿದರೆ ನೂಲೇ ಹಾಳು.

ಚೌಕ ಒಣಗಿಸುವ ಗುರುತು. ಒಳಗೆ ವೃತ್ತ ಇದ್ದರೆ ಒಣಗಿಸುವ ಯಂತ್ರದ ಮಾತು. ಬಿಸಿಲಿಗೆ ಬರವಿಲ್ಲದ ನಮ್ಮ ಊರಿಗೆ ಅದರ ಉಸಾಬರಿ ಕಡಿಮೆ. ನಮಗೆ ಬೇಕಾದ್ದು ಚೌಕದೊಳಗಿನ ಗೆರೆ. ನೆಟ್ಟಗೆ ನಿಂತ ಒಂದು ಗೆರೆ ಎಂದರೆ ಹಗ್ಗಕ್ಕೆ ಹಾಕಿ. ಮಲಗಿದ ಗೆರೆ ಎಂದರೆ ನೇತು ಹಾಕಬೇಡಿ, ಹರಡಿ. ಎಡಗಡೆ ಮೇಲಿನ ಮೂಲೆಯಲ್ಲಿ ಓರೆಗೆರೆ ಇದ್ದರೆ ನೆರಳಲ್ಲಿ ಒಣಗಿಸಿ.

ಇಸ್ತ್ರಿಯ ಚಿತ್ರದೊಳಗೆ ಚುಕ್ಕೆಗಳಿರುತ್ತವೆ. ಮೂರು ಚುಕ್ಕೆ ಎಂದರೆ ಹತ್ತಿ, ನಾರಿನ ಬಟ್ಟೆ ತಡೆಯುವ ಜೋರು ಬಿಸಿ. ಎರಡು ಎಂದರೆ ಮಧ್ಯಮ. ಒಂದು ಎಂದರೆ ಬರೀ ಬೆಚ್ಚಗೆ. ಕೊನೆಯ ಸೊನ್ನೆ ಡ್ರೈಕ್ಲೀನಿಂಗಿನದು. ಅದರೊಳಗಿನ ಅಕ್ಷರ ಡ್ರೈಕ್ಲೀನ್ ಮಾಡುವವರಿಗೆ, ಮನೆಯವರು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮೇಷ್ಟ್ರ ಮನೆಯ ಹಾಸಿನ ಇಸ್ತ್ರಿ ಚಿತ್ರದಲ್ಲಿ ಇದ್ದದ್ದು ಒಂದೇ ಚುಕ್ಕೆ. ಅದು ರೇಷ್ಮೆಯೂ ಅಲ್ಲ, ಹತ್ತಿಯೂ ಅಲ್ಲ, ಪಾಲಿಯೆಸ್ಟರ್. ಜೋರು ಬಿಸಿಗೆ ಕರಗುವ ನೂಲು. ಇನ್ನು ಇದ್ದಿಲ ಇಸ್ತ್ರಿಗೆ ಚುಕ್ಕೆ ಎಲ್ಲಿಂದ ಬರಬೇಕು? ಕರೆಂಟಿನ ಇಸ್ತ್ರಿಗಾದರೆ ತಿರುಗಿಸುವ ಗುಂಡಿ ಇದೆ. ಇವನು ನೀರಿನ ಹನಿ ಚಿಮುಕಿಸಿ ಚುಂಯ್ ಎನ್ನುವ ಸದ್ದಿನಲ್ಲೇ ಬಿಸಿ ಅಳೆಯುವವನು.

ಹತ್ತಿಯ ಊರಿನ ಹಳೇ ಲೆಕ್ಕ

ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು ಇದು. ಹತ್ತಿ ಗಿರಣಿಗಳ ಕಾಲದಲ್ಲಿ ಹಾಸು ಎಂದರೆ ಹತ್ತಿಯದು, ಹೊದಿಕೆ ಎಂದರೆ ದುಪ್ಪಟಿ, ಇಲ್ಲವೇ ಕುರಿ ಉಣ್ಣೆಯ ಕಂಬಳಿ. ಹತ್ತಿಗೆ ಸೋಡಾ, ಉಬ್ಬೆ, ಜೋರು ಇಸ್ತ್ರಿ. ಉಣ್ಣೆಗೆ ತಣ್ಣೀರು, ಅಂಟುವಾಳ. ಇಷ್ಟು ಗೊತ್ತಿದ್ದರೆ ಕಸುಬು ನಡೆಯುತ್ತಿತ್ತು. ಈಗ ಅಂಗಡಿಗೆ ಬರುವ ಮಾಲೇ ಬೇರೆ. ನೋಡಲು ಹತ್ತಿ, ಒಳಗೆ ಅರ್ಧ ಪಾಲಿಯೆಸ್ಟರ್. ಮುಟ್ಟಿದರೆ ಉಣ್ಣೆ, ನಿಜವಾಗಿ ಅಕ್ರಿಲಿಕ್. ನೀರು ಇಳಿಯದ ಹಾಸಿಗೆ ಕವರಿಗೆ ಅಡಿಯಲ್ಲಿ ಪ್ಲಾಸ್ಟಿಕ್‌ನಂಥ ತೆಳು ಪದರ. ಮೂಲೆಗೆ ಎಲಾಸ್ಟಿಕ್ ಹೊಲಿದ ಹಾಸು. ಕಣ್ಣಿಗೆ, ಕೈಗೆ ತಿಳಿಯದ್ದನ್ನು ಚೀಟಿಯೇ ಹೇಳಬೇಕು.

ಮಡಿವಾಳನಿಗೆ ಗುರುತು ಓದುವುದು ಹೊಸದಲ್ಲ, ಅದನ್ನು ಮರೆಯಬಾರದು. ಕರಿಗೇರು ಬೀಜದ ರಸಕ್ಕೆ ಸುಣ್ಣ ಸೇರಿಸಿ ಮೂಲೆಯಲ್ಲಿ ಚುಕ್ಕೆ, ಗೆರೆ ಇಡುತ್ತಿದ್ದವರು ಇವರೇ. ಎಷ್ಟು ಒಗೆದರೂ ಅಳಿಯದ ಗುರುತು. ರಾಶಿ ಬಟ್ಟೆಯಲ್ಲಿ ಯಾವ ಮನೆಯದು ಯಾವುದು ಎಂದು ಅಕ್ಷರ ಬಾರದವರೂ ಕ್ಷಣದಲ್ಲಿ ಬೇರ್ಪಡಿಸುತ್ತಿದ್ದರು. ತಲೆಮಾರುಗಟ್ಟಲೆ ಚುಕ್ಕೆ ಗೆರೆಗಳ ಮೇಲೇ ಕಸುಬು ನಡೆಸಿದವರಿಗೆ ಈ ಐದು ಚಿತ್ರ ಕಲಿಯುವುದು ದೊಡ್ಡ ಮಾತೇ? ಯಾರೂ ಹೇಳಿಕೊಡಲಿಲ್ಲ, ಅಷ್ಟೇ.

ಯಾರು ಏನು ಮಾಡಬೇಕು?

ಮೊದಲು ಅಂಗಡಿಯವರು. ಬಣ್ಣ ಹೋಗಲ್ಲ ಎಂದು ಆಣೆ ಹಾಕುವ ಬಾಯಿ, ಜೋರು ಇಸ್ತ್ರಿ ಬೇಡ ಎನ್ನಲು ಏಕೆ ಹಿಂಜರಿಯಬೇಕು? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಳ್ಳುವವರಿಗೆ ಮಾಲಿನ ಗುಣಮಟ್ಟದ ಮಾಹಿತಿ ಪಡೆಯುವ ಹಕ್ಕು ಕೊಟ್ಟಿದೆ. ಮಾರುವವನಿಗೇ ತಿಳಿಯದ ಚಿತ್ರ ತೋರಿಸಿ ಮಾಹಿತಿ ಕೊಟ್ಟೆ ಎನ್ನುವುದು ನ್ಯಾಯವಲ್ಲ. ಐದು ಚಿತ್ರ, ಪಕ್ಕದಲ್ಲಿ ಕನ್ನಡದ ಐದು ಸಾಲು. ಇಷ್ಟನ್ನು ಬೋರ್ಡಿನಲ್ಲಿ ಬರೆಸಿ ಗಲ್ಲಾಪೆಟ್ಟಿಗೆ ಪಕ್ಕ ತೂಗುಹಾಕಲಿ. ತಯಾರಿಸುವವರೂ ಕರ್ನಾಟಕಕ್ಕೆ ಬರುವ ಮಾಲಿನ ಚೀಟಿಯಲ್ಲಿ ಕನ್ನಡದ ಎರಡು ಸಾಲು ಸೇರಿಸಲಿ.

ಎರಡನೆಯದು ಕೊಳ್ಳುವವರು. ಚೀಟಿ ಚುಚ್ಚುತ್ತದೆ ಎಂದು ಹೊತ್ತ ದಿನವೇ ಕತ್ತರಿಸಿ ಎಸೆಯುವವರು ಬಹಳ ಮಂದಿ. ಕತ್ತರಿಸಲೇಬೇಕಿದ್ದರೆ ರಸೀತಿಗೆ ಪಿನ್ ಹಾಕಿ ಇಡಿ. ಬಟ್ಟೆ ಕೊಡುವಾಗ ಬಾಯಿಬಿಟ್ಟು ಹೇಳಿ. ಚೀಟಿ ಓದುವುದರಿಂದ ಬಟ್ಟೆಯಷ್ಟೇ ಅಲ್ಲ, ಮೈಯೂ ಉಳಿಯುತ್ತದೆ. ಹಾಸಿಗೆಯ ಧೂಳುನುಸಿ ಅಸ್ತಮಾ ಇದ್ದವರಿಗೆ ಶತ್ರು. 60ರ ಬಿಸಿನೀರಿಗೆ ಅದು ಸಾಯುತ್ತದೆ. ಮನೆಯಲ್ಲಿ ಉಬ್ಬಸದ ಮಗು ಇದ್ದರೆ ಬಾನಿಯೊಳಗೆ 60 ಇರುವ ಹಾಸನ್ನೇ ಕೇಳಿ ತನ್ನಿ.

ಮೂರನೆಯದು ಸರ್ಕಾರದವರು. ಕಸುಬಿನವರಿಗೆ ತರಬೇತಿ ಎಂದು ಹಾರ, ಭಾಷಣ, ಫೋಟೋ ಆಗುತ್ತಲೇ ಇರುತ್ತದೆ. ಅದರಲ್ಲಿ ಅರ್ಧ ದಿನ ಈ ಚಿತ್ರಗಳಿಗೆ ಕೊಟ್ಟರೆ ಸಾಕು.

ಅಂದ ಹಾಗೆ ಪಂಚಾಯ್ತಿ ಏನಾಯಿತು? ದೊಡ್ಡವರು ಕೂತು ಅರ್ಧಕ್ಕೆ ಇಳಿಸಿದರು. ಮಡಿವಾಳ 900 ರೂಪಾಯಿ ಕೊಡಬೇಕು, ತಿಂಗಳಿಗೆ 150ರಂತೆ ಆರು ತಿಂಗಳು ಲೆಕ್ಕದಲ್ಲಿ ಮುರಿದುಕೊಳ್ಳುವುದು. ಉಳಿದದ್ದು ಮೇಷ್ಟ್ರ ಪಾಲಿಗೆ. ಸಾಹುಕಾರರದು ಸೊನ್ನೆ. ನಾಲ್ವರೂ ಓದಲಾಗದ ಚೀಟಿಗೆ ದುಡಿಯುವ ಒಬ್ಬನ ಆರು ತಿಂಗಳ ಕೂಲಿ ಮುರಿಯುವುದು ಎಲ್ಲಿಯ ತೀರ್ಪು? ಮೇಷ್ಟ್ರು ಆ 150ನ್ನು ಈ ತಿಂಗಳೇ ಬಿಟ್ಟುಬಿಟ್ಟರೆ ಅವರ ಗೌರವ ಕಡಿಮೆಯಾಗದು. ಸಾಹುಕಾರರು ಬೋರ್ಡು ಬರೆಸಲು ಆರು ತಿಂಗಳು ಬೇಡ, ಒಂದು ಸಂಜೆ ಸಾಕು.