ಪೆನ್ನಿಗೂ ‘ಆಕ್ಸಿಜನ್’ ತೋರಿಸುವ ಆಕ್ಸಿಮೀಟರ್ ಸುಳ್ಳೇ?

ಕೋವಿಡ್ ಕಾಲದಲ್ಲಿ ಹರಿದಾಡಿದ ವಿಡಿಯೊ ನಿಮಗೆ ನೆನಪಿರಬಹುದು. ಪಲ್ಸ್ ಆಕ್ಸಿಮೀಟರ್‌ಗೆ ಬೆರಳಿನ ಬದಲು ಪೆನ್ನು ಅಥವಾ ಪೆನ್ಸಿಲ್ ಸಿಕ್ಕಿಸುತ್ತಾರೆ, ಆಗಲೂ ಪರದೆಯ ಮೇಲೆ ಸಂಖ್ಯೆ ಬರುತ್ತದೆ. ‘ನೋಡಿ, ಇದೆಲ್ಲ ಮೋಸ’ ಎಂಬುದು ವಾದ. ಇದು ನಿಜವೇ?

ಬೆಳಕಿನಿಂದ ಕರೆಂಟ್

ಆಕ್ಸಿಮೀಟರ್ ಬೆರಳಿನ ಒಂದು ಬದಿಯಿಂದ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನೂ ಹಾಯಿಸುತ್ತದೆ. ಇನ್ನೊಂದು ಬದಿಯಲ್ಲಿರುವ ಫೋಟೊಡಯೋಡ್ ಎಂಬ ಸೆನ್ಸರ್ ತನ್ನ ಮೇಲೆ ಬಿದ್ದ ಬೆಳಕನ್ನು ಕರೆಂಟ್ ಆಗಿ ಬದಲಿಸುತ್ತದೆ. ಆಮ್ಲಜನಕ ತುಂಬಿದ ರಕ್ತ ಕೆಂಪು ಬೆಳಕನ್ನು ಕಡಿಮೆ ಹೀರುತ್ತದೆ, ಆಮ್ಲಜನಕ ಕಡಿಮೆಯಿರುವ ರಕ್ತ ಹೆಚ್ಚು ಹೀರುತ್ತದೆ. ಎರಡೂ ಬೆಳಕುಗಳ ಏರಿಳಿತವನ್ನು ಹೋಲಿಸಿ ಶೇಕಡಾವಾರು ಲೆಕ್ಕ ಹಾಕಲಾಗುತ್ತದೆ. ಈ ವಿಧಾನವನ್ನು 1970ರ ದಶಕದಲ್ಲಿ ರೂಪಿಸಿದವರು ಜಪಾನಿನ ಎಂಜಿನಿಯರ್ ಟಕುವೊ ಅಯೋಯಾಗಿ.

ಆದರೆ ಈ ಕರೆಂಟ್ ಬಹಳ ಸಣ್ಣದು, ಮೈಕ್ರೋ ಆಂಪಿಯರ್ ಲೆಕ್ಕದ್ದು. ಒಂದು ಮೈಕ್ರೋ ಆಂಪಿಯರ್ ಎಂದರೆ ಆಂಪಿಯರ್‌ನ ಹತ್ತು ಲಕ್ಷದ ಒಂದು ಭಾಗ. ಸಾಧನದೊಳಗಿನ ಚಿಪ್ ಅಳೆಯುವುದು ವೋಲ್ಟೇಜನ್ನು. ಹಾಗಾಗಿ ಕರೆಂಟನ್ನು ವೋಲ್ಟೇಜ್ ಆಗಿ ಬದಲಿಸಲೇಬೇಕು.

ಇಲ್ಲಿ ಶಾಲೆಯಲ್ಲಿ ಕಲಿತ ಓಮ್ ನಿಯಮವೇ ಸಾಕು. ಒಂದು ಮೈಕ್ರೋ ಆಂಪಿಯರನ್ನು ಹತ್ತು ಲಕ್ಷ ಓಮ್‌ನ ರೆಸಿಸ್ಟರ್ ಮೂಲಕ ಹರಿಸಿದರೆ ಒಂದು ವೋಲ್ಟ್ ಸಿಗುತ್ತದೆ. ಹೊಲದ ಕಾಲುವೆಯ ಬಾಯಿ ಕಿರಿದು ಮಾಡಿದರೆ ಹಿಂದೆ ನೀರಿನ ಮಟ್ಟ ಏರುವ ಹಾಗೆ. ಆದರೆ ಬರೀ ರೆಸಿಸ್ಟರ್ ಇಟ್ಟರೆ ಆ ವೋಲ್ಟೇಜ್ ಸೆನ್ಸರ್ ಮೇಲೇ ಬಿದ್ದು ಅದರ ಕೆಲಸ ನಿಧಾನವಾಗುತ್ತದೆ. ಅದಕ್ಕೇ ರೆಸಿಸ್ಟರ್ ಜೊತೆಗೆ ಆಪ್-ಆಂಪ್ ಚಿಪ್ ಸೇರಿಸುತ್ತಾರೆ. ಈ ಜೋಡಿಗೆ ಟ್ರಾನ್ಸ್‌ಇಂಪೀಡೆನ್ಸ್ ಆಂಪ್ಲಿಫೈಯರ್ ಎಂದು ಹೆಸರು.

ಹಾಗಾದರೆ ಪೆನ್ನಿನ ಕಥೆ?

ನಾಡಿ ಬಡಿತದಿಂದ ಬೆಳಕಿನಲ್ಲಾಗುವ ಏರಿಳಿತ ಸಾಮಾನ್ಯವಾಗಿ ಶೇ 1-2ರಷ್ಟು ಮಾತ್ರ. ಅದನ್ನು ಹಿಡಿಯಲು ಸಾಧನ ಸಂಕೇತವನ್ನು ಬಹಳಷ್ಟು ಹಿಗ್ಗಿಸುತ್ತದೆ. ಪೆನ್ನು ಹಿಡಿದ ಕೈಯ ನಡುಕ, ಪಕ್ಕದಿಂದ ನುಸುಳುವ ಬೆಳಕು ಕೂಡ ಹಾಗೆಯೇ ಹಿಗ್ಗುತ್ತವೆ. ಸಾಧನ ಅದನ್ನೇ ನಾಡಿ ಎಂದುಕೊಂಡು ಲೆಕ್ಕ ಹಾಕಿಬಿಡಬಹುದು. ಕೊಡುವುದು ಪೆನ್ನೋ ಬೆರಳೋ ಎಂದು ಅದಕ್ಕೆ ತಿಳಿಯದು. ಪೆನ್ನಿನಲ್ಲಿ ಬಂದ ಸಂಖ್ಯೆಗೆ ಅರ್ಥವಿಲ್ಲ ನಿಜ, ಆದರೆ ಬೆರಳಿನಲ್ಲಿ ಬರುವುದೂ ಸುಳ್ಳು ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಹಾಗೆಂದು ಕಣ್ಣುಮುಚ್ಚಿ ನಂಬುವುದೂ ಬೇಡ. ತಣ್ಣಗಿನ ಬೆರಳು, ಉಗುರು ಬಣ್ಣ, ಅಲುಗಾಟ ಅಳತೆಯನ್ನು ಕೆಡಿಸುತ್ತವೆ. ಕಪ್ಪು ಚರ್ಮದವರಲ್ಲಿ ಇರುವುದಕ್ಕಿಂತ ಸ್ವಲ್ಪ ಹೆಚ್ಚು ತೋರಿಸಬಹುದು. ಕಳಪೆ ಸಾಧನಗಳೂ ಮಾರುಕಟ್ಟೆಯಲ್ಲಿವೆ. ಮಣಿಕಟ್ಟಿನಲ್ಲಿ ಒಂದು ನಿಮಿಷ ನಾಡಿ ಎಣಿಸಿ. ಸಾಧನದ ನಾಡಿ ಸಂಖ್ಯೆ ಅದಕ್ಕೆ ಹೊಂದದಿದ್ದರೆ ಆಮ್ಲಜನಕದ ಸಂಖ್ಯೆಯನ್ನೂ ನಂಬಬೇಡಿ. ಮೊಬೈಲ್‌ನ ‘ಆಕ್ಸಿಮೀಟರ್ ಆ್ಯಪ್’ಗಳು ಇದಕ್ಕೆ ಬದಲಿಯಲ್ಲ: ಫೋನಿನ ಫ್ಲ್ಯಾಶ್ ಇನ್‌ಫ್ರಾರೆಡ್ ಬೆಳಕಿಗಾಗಿ ಮಾಡಿದ್ದಲ್ಲ.

ಯಾಕೆ ಮುಖ್ಯ?

ರಾಣೆಬೆನ್ನೂರು ತಾಲೂಕಿನ ಕುಪ್ಪೇಲೂರಿನಂಥ ಊರಿನಲ್ಲಿ ರಾತ್ರಿ ಅಜ್ಜನಿಗೆ ಉಸಿರಾಟ ಕಷ್ಟವಾದರೆ, ಈಗಲೇ ಗಾಡಿ ಮಾಡಿಸಬೇಕೋ ಬೆಳಗಿನವರೆಗೆ ಕಾಯಬೇಕೋ ಎಂಬ ನಿರ್ಧಾರಕ್ಕೆ ಈ ಸಂಖ್ಯೆ ನೆರವಾಗುತ್ತದೆ. ಬೆರಳು ಬೆಚ್ಚಗೆ ಮಾಡಿ, ಅಲುಗಾಡದೆ ಮತ್ತೆ ನೋಡಿದಾಗಲೂ 94ಕ್ಕಿಂತ ಕಡಿಮೆಯಿದ್ದರೆ ವೈದ್ಯರನ್ನು ಸಂಪರ್ಕಿಸಿ. ಏದುಸಿರು, ತುಟಿ ನೀಲಿಯಾಗುವುದು ಕಂಡರೆ ಸಂಖ್ಯೆ ಎಷ್ಟೇ ಇರಲಿ, 108ಕ್ಕೆ ಕರೆ ಮಾಡಿ.

ಪೆನ್ನಿನ ವಿಡಿಯೊ ನೋಡಿ ‘ಮಷಿನ್ ಸುಳ್ಳು’ ಎಂದು ಸುಮ್ಮನಿದ್ದರೆ ಕಳೆದುಕೊಳ್ಳುವುದು ಈ ಸಮಯವನ್ನೇ. ಮುಂದಿನ ಸಲ ಆ ವಿಡಿಯೊ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಯೋಚಿಸಿ.