ವಸತಿ ನಿಲಯದಲ್ಲಿ ಅರಿವೆಯ ಜೋಪಾನ

ಜೂನ್ ತಿಂಗಳು ಬಂತೆಂದರೆ ನಮ್ಮ ಹಳ್ಳಿಗಳ ಬಸ್ ನಿಲ್ದಾಣಗಳಲ್ಲಿ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಹೆಗಲಿಗೆ ಹೊಸ ಚೀಲ ಹಾಕಿಕೊಂಡ ಮಗ ಇಲ್ಲವೆ ಮಗಳು, ಪಕ್ಕದಲ್ಲಿ ಪೆಟ್ಟಿಗೆ, ಹಗ್ಗ ಬಿಗಿದ ಹಾಸಿಗೆಯ ಸುರುಳಿ, ರೊಟ್ಟಿ ಮತ್ತು ಶೇಂಗಾ ಚಟ್ನಿಯ ಗಂಟು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಿಂತ ತಾಯಿ. ಧಾರವಾಡಕ್ಕೋ ಬೆಳಗಾವಿಗೋ, ದಾವಣಗೆರೆಗೋ ತುಮಕೂರಿಗೋ ಹೊರಟ ಈ ಮಕ್ಕಳ ಪೆಟ್ಟಿಗೆಯಲ್ಲಿ ತಾಯಿ ಮಡಿಚಿಟ್ಟ ಬಟ್ಟೆಗಳ ಪೈಕಿ ದೀಪಾವಳಿಯ ಹೊತ್ತಿಗೆ ಎಷ್ಟು ಮರಳಿ ಮನೆ ಕಾಣುತ್ತವೆ ಎಂಬುದನ್ನು ಹೇಳುವುದು ಕಷ್ಟ.

ಕಳೆದ ವರ್ಷ ಮಗನನ್ನು ಪದವಿ ಕಾಲೇಜಿಗೆ ಸೇರಿಸಿದ ಸೋದರಿಯೊಬ್ಬರು ಮೊನ್ನೆ ಒಂದು ಲಗ್ನದ ಮನೆಯಲ್ಲಿ ಭೇಟಿಯಾದರು. ಮೊದಲ ತಿಂಗಳಲ್ಲೇ ಎರಡು ಪ್ಯಾಂಟು, ಒಂದು ಉಣ್ಣೆಯ ಅಂಗಿ, ಸೋದರಮಾವ ಕೊಡಿಸಿದ್ದ ಷರಟು ಇಷ್ಟೂ ಕಾಣೆಯಾದವಂತೆ. ‘ಮಾಸ್ತರರೆ, ಕಳ್ಳರ ನಡುವೆ ಹುಡುಗನ್ನ ಬಿಟ್ಟು ಬಂದೇವಿ ಏನ್ರಿ?’ ಎಂದು ಕೇಳಿದರು. ಅವರ ದುಃಖ ನನಗೆ ಅರ್ಥವಾಯಿತು. ಆದರೆ ‘ಕಳ್ಳರು’ ಎಂಬ ಮಾತು ಕಿವಿಗೆ ಚುಚ್ಚಿತು. ಇಪ್ಪತ್ತೆರಡು ವರ್ಷ ವಿದ್ಯಾರ್ಥಿಗಳ ಪ್ರಸಾದ ನಿಲಯವೊಂದರಲ್ಲಿ ನಿಲಯಪಾಲಕನಾಗಿದ್ದವನು ನಾನು. ಕಳೆದುಹೋದ ಅರಿವೆಗಳ ದೂರು ಕೇಳಿದಷ್ಟು ಬೇರಾವ ದೂರನ್ನೂ ಕೇಳಿದವನಲ್ಲ. ಆದುದರಿಂದ ಈ ತಿಂಗಳ ಅಂಕಣವನ್ನು ಇದೇ ವಿಷಯಕ್ಕೆ ಮೀಸಲಿಡುತ್ತೇನೆ.

ಮೊದಲಿಗೆ ತಿಳಿಯಬೇಕಾದುದು, ವಸತಿ ನಿಲಯದಲ್ಲಿ ಬಟ್ಟೆ ಕಾಣೆಯಾಗುವ ಬಗೆ. ಮಾಳಿಗೆಯ ಮೇಲಿನ ಒಂದೇ ತಂತಿಗೆ ಮೂವತ್ತು ಮಂದಿ ಬಟ್ಟೆ ಹರವುತ್ತಾರೆ. ಅವುಗಳಲ್ಲಿ ಹತ್ತು ಬಿಳಿಯ ಬನಿಯನ್ನುಗಳು, ಎಂಟು ನೀಲಿ ಜೀನ್ಸುಗಳು, ಒಂದೇ ಅಂಗಡಿಯಲ್ಲಿ ಕೊಂಡ ಒಂದೇ ಬಣ್ಣದ ಟೀ ಷರಟುಗಳು. ಮಳೆಯ ಹನಿ ಬಿತ್ತೆಂದರೆ ಮೊದಲು ಓಡಿಬಂದವನು ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಕೆಳಗಿಳಿಯುತ್ತಾನೆ. ಅವನ ಮನಸ್ಸಿನಲ್ಲಿ ಕಳವಿಲ್ಲ, ಉಪಕಾರವೇ ಇದೆ. ಆದರೆ ಆ ರಾಶಿಯಿಂದ ನಿಮ್ಮ ಮಗನ ಅಂಗಿ ಹೊರಬೀಳುವುದು ಎಂದೋ. ಮತ್ತೆ ಕೆಲವು ಅರಿವೆಗಳು ಇಸ್ತ್ರಿಯವನ ಗಂಟಿನಲ್ಲಿ ಅದಲು ಬದಲಾಗುತ್ತವೆ. ಇನ್ನು ಕೆಲವು ‘ಒಂದು ದಿನಕ್ಕೆ ಕೊಡೋ’ ಎಂದು ಎರವಲು ಹೋಗಿ, ಪಡೆದವನಿಂದ ಮೂರನೆಯವನಿಗೆ ದಾಟಿ, ವರ್ಷಾಂತ್ಯಕ್ಕೆ ಯಾರದೆಂದು ಯಾರಿಗೂ ತಿಳಿಯದಂತಾಗುತ್ತವೆ. ಬೇಕೆಂದೇ ಕದಿಯುವವರು ಇಲ್ಲವೆಂದಲ್ಲ. ಬಾಗಿಲು ಕಾಯುವವರು ಇಲ್ಲದ ಕಡೆ ಹೊರಗಿನವರೂ ಮಾಳಿಗೆ ಹತ್ತುತ್ತಾರೆ. ಪರೀಕ್ಷೆ ಮುಗಿದು ಎಲ್ಲರೂ ಊರಿಗೆ ಹೊರಡುವ ಎರಡು ದಿನಗಳಲ್ಲಂತೂ ಪೆಟ್ಟಿಗೆಯೊಳಗೆ ಏನು ಸೇರಿತು, ಏನು ಬಿಟ್ಟಿತು ಎಂಬ ಲೆಕ್ಕವೇ ಇರುವುದಿಲ್ಲ. ಆದರೂ ನನ್ನ ಅನುಭವದಲ್ಲಿ, ಕಳೆದುಹೋದುವುಗಳಲ್ಲಿ ಹೆಚ್ಚಿನವು ನಿಲಯದ ನಾಲ್ಕು ಗೋಡೆಗಳ ಒಳಗೇ ಇರುತ್ತಿದ್ದವು.

ಇದನ್ನು ನಾನು ಸುಲಭವಾಗಿ ಕಲಿತವನಲ್ಲ. ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷದ ಶ್ರಾವಣ ಮಾಸ. ತಂದೆಯಿಲ್ಲದ ವಿದ್ಯಾರ್ಥಿಯೊಬ್ಬನ ಹೊಸ ಷರಟು ತಂತಿಯ ಮೇಲಿಂದ ಮಾಯವಾಯಿತು. ಅದು ಅವನ ಏಕೈಕ ಒಳ್ಳೆಯ ಅಂಗಿ. ಹುಡುಗ ಊಟ ಬಿಟ್ಟು ಕುಳಿತ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯಲು ಹದಿನೈದು ದಿನಗಳ ಹಿಂದಷ್ಟೇ ಒಬ್ಬ ತರುಣ ಸೇರಿದ್ದ. ಮೈಕಟ್ಟು ಒಂದೇ, ಬಡತನ ಕಣ್ಣಿಗೆ ಕಾಣುವಂತಹುದು, ಮೇಲಾಗಿ ಹೊಸಬ. ಸಂಶಯಕ್ಕೆ ಇಷ್ಟು ಸಾಕಾಯಿತು. ನಾಲ್ಕೈದು ಹುಡುಗರು ಹೋಗಿ ಅವನ ತಗಡಿನ ಪೆಟ್ಟಿಗೆಯನ್ನು ಎಲ್ಲರೆದುರು ಸುರುವಿದರು. ನಾನು ಬಾಗಿಲಲ್ಲಿ ನಿಂತಿದ್ದೆ, ಬೇಡವೆನ್ನಲಿಲ್ಲ. ಪೆಟ್ಟಿಗೆಯಲ್ಲಿದ್ದುದು ಎರಡು ಹಳೆಯ ಅಂಗಿ, ಒಂದು ಹಣಿಗೆ, ಒಂದು ವಿಭೂತಿ ಗಟ್ಟಿ. ಅವನು ಒಂದೂ ಮಾತಾಡದೆ ಎಲ್ಲವನ್ನೂ ಮತ್ತೆ ತುಂಬಿಕೊಂಡ. ಮರುದಿನ ಬೆಳಗ್ಗೆ ನೋಡಿದರೆ ಸಂಬಳವನ್ನೂ ಪಡೆಯದೆ ಹೊರಟುಹೋಗಿದ್ದ. ಒಂಬತ್ತನೆಯ ದಿನ ಬೇರೊಂದು ಕೋಣೆಯವರ ಇಸ್ತ್ರಿಯ ಗಂಟಿನಲ್ಲಿ ಆ ಷರಟು ಬಂತು. ಮಳೆಯ ದಿನ ಯಾರೋ ಬಾಚಿದ ರಾಶಿಯಲ್ಲಿ ಸೇರಿಕೊಂಡಿತ್ತು. ಅದರ ಮೇಲೆ ಒಂದು ಗುರುತಿದ್ದಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು. ಸಂಬಳದ ಹಣ ತೆಗೆದುಕೊಂಡು ಆ ತರುಣನ ಊರಿಗೆ ಹೋದೆ. ಅವನ ತಾಯಿ ಹಣ ಪಡೆದು ಚಹಾ ಮಾಡಿ ಕೊಟ್ಟರು. ಅವನು ಒಳಗಿನಿಂದ ಹೊರಗೆ ಬರಲಿಲ್ಲ.

ಅಂದಿನಿಂದ ನಮ್ಮ ನಿಲಯದಲ್ಲಿ ಗುರುತಿಲ್ಲದ ಬಟ್ಟೆಯ ದೂರನ್ನು ನಾನು ಸ್ವೀಕರಿಸುತ್ತಿರಲಿಲ್ಲ. ಕಠಿಣವೆನಿಸಬಹುದು. ಆದರೆ ಬಟ್ಟೆಯ ಮೇಲಿನ ಗುರುತು ಬಟ್ಟೆಯನ್ನು ಕಾಯುವುದಕ್ಕಿಂತ ಹೆಚ್ಚಾಗಿ ಮತ್ತೊಬ್ಬರ ಮಾನವನ್ನು ಕಾಯುತ್ತದೆ ಎಂಬುದು ನನ್ನ ನಂಬಿಕೆ.

ಗುರುತು ಹಾಕುವ ವಿದ್ಯೆ ನಮ್ಮಲ್ಲಿ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವರು ಕಲ್ಯಾಣದ ಶರಣರ ಬಟ್ಟೆಗಳನ್ನು ಮಡಿ ಮಾಡುವುದನ್ನೇ ಕಾಯಕವಾಗಿಸಿಕೊಂಡಿದ್ದರು. ಯಾರ ಬಟ್ಟೆ ಯಾರದೆಂಬುದರಲ್ಲಿ ತಪ್ಪದಿರುವುದು ಆ ಕಾಯಕದ ಅರ್ಧಭಾಗವೇ ಸರಿ. ನಮ್ಮ ಊರುಗಳ ಮಡಿವಾಳರು ಬಹುಕಾಲ ಕೇರುಬೀಜದ ರಸದಿಂದ ಬಟ್ಟೆಯ ಅಂಚಿನಲ್ಲಿ ಚುಕ್ಕೆ, ಗೀಟುಗಳ ಗುರುತು ಹಾಕುತ್ತಿದ್ದರು. ಆಯುರ್ವೇದದಲ್ಲಿ ಭಲ್ಲಾತಕವೆನ್ನುವುದು ಇದನ್ನೇ. ಸುಣ್ಣ ಸೇರಿದರೆ ಆ ರಸ ಕಪ್ಪಾಗಿ ಬಟ್ಟೆಯಲ್ಲಿ ಕಚ್ಚಿ ನಿಲ್ಲುತ್ತದೆ. ಎಷ್ಟು ಒಗೆದರೂ ಹೋಗದು. ಅಕ್ಷರ ಬಾರದವರೂ ನೂರು ಮನೆಗಳ ಅರಿವೆಯನ್ನು ಈ ಗುರುತಿನಿಂದಲೇ ಬೇರ್ಪಡಿಸುತ್ತಿದ್ದರು. ಆದರೆ ಇದನ್ನು ಮನೆಯಲ್ಲಿ ಯಾರೂ ಪ್ರಯೋಗಿಸಬಾರದು. ಆ ರಸ ತಾಕಿದರೆ ಚರ್ಮದಲ್ಲಿ ಬೊಬ್ಬೆಗಳೇಳುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿದ್ದ ವಿದೇಶಿ ಸೈನಿಕರಿಗೆ ಕುತ್ತಿಗೆಯ ಹಿಂದೆ ಕಾಣಿಸಿಕೊಂಡ ತುರಿಕೆಗೆ ಅಂಗಿಯ ಪಟ್ಟಿಯ ಮೇಲಿನ ಈ ಗುರುತೇ ಕಾರಣವೆಂದು ವೈದ್ಯರು ಕಂಡುಕೊಂಡರು.

ಇಂದು ಅಳಿಯದ ಶಾಯಿಯ ಪೆನ್ನುಗಳು ಅಂಗಡಿಯಲ್ಲಿ ದೊರೆಯುತ್ತವೆ. ಬರೆದ ಮೇಲೆ ಒಂದು ದಿನ ಒಣಗಿಸಿ, ಹಿಂದುಮುಂದು ಬಿಸಿ ಇಸ್ತ್ರಿ ತಾಕಿಸಿದರೆ ಗುರುತು ಹೆಚ್ಚು ಕಾಲ ನಿಲ್ಲುತ್ತದೆ. ಕಪ್ಪು, ಕಡುನೀಲಿ ಬಟ್ಟೆಯ ಮೇಲೆ ಶಾಯಿ ಕಾಣದು. ಅಲ್ಲಿ ಬಿಳಿಯ ದಾರದಿಂದ ನಾಲ್ಕು ಹೊಲಿಗೆ ಹಾಕಬೇಕು. ಪ್ಯಾಂಟಿಗೆ ಜೇಬಿನ ಒಳಬಟ್ಟೆ, ಷರಟಿಗೆ ಕೊರಳಪಟ್ಟಿಯ ಒಳಮೈ, ಟವೆಲ್ಲಿಗೆ ಮೂಲೆ ಸರಿಯಾದ ಸ್ಥಳ. ಅಂಗಡಿಯವರು ಹೊಲಿದ ಚೀಟಿಯ ಮೇಲೆ ಬರೆದರೆ ಪ್ರಯೋಜನವಿಲ್ಲ, ಚೀಟಿಯನ್ನು ಕತ್ತರಿಸಲು ಒಂದು ಗಳಿಗೆ ಸಾಕು. ಹೆಸರಿನ ಮೊದಲ ಅಕ್ಷರ ಹಾಕುವುದಂತೂ ನಮ್ಮ ಸಮಾಜದ ನಿಲಯಗಳಲ್ಲಿ ನಗೆಪಾಟಲು. ಒಂದು ವರ್ಷ ನನ್ನಲ್ಲಿ ಒಂಬತ್ತು ಮಂದಿ ಬಸವರಾಜರು, ಆರು ಮಂದಿ ಶಿವಾನಂದರು ಇದ್ದರು. ‘ಬ’ ಎಂದು ಬರೆದ ಬನಿಯನ್ನಿಗೆ ಒಂಬತ್ತು ಮಂದಿ ವಾರಸುದಾರರು! ನೋಂದಣಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಹಾಕುವುದೇ ಲೇಸು.

ಒಗೆಯುವ ಹೊತ್ತಿನ ವಿಚಾರ. ಬೆಳಗ್ಗೆ ಅವಸರದಲ್ಲಿ ಒಗೆದು, ಹರವಿ, ತರಗತಿಗೆ ಓಡಿದರೆ ಆ ಬಟ್ಟೆ ಸಂಜೆಯವರೆಗೆ ಅನಾಥ. ರವಿವಾರ ಒಗೆದು, ಒಣಗುವವರೆಗೆ ಅದರ ಸಮೀಪವೇ ಪುಸ್ತಕ ಹಿಡಿದು ಕುಳಿತ ಹುಡುಗನ ಬಟ್ಟೆಯೂ ಉಳಿಯುತ್ತದೆ, ಪಾಠವೂ ಆಗುತ್ತದೆ. ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ಹರವಬೇಕು. ಬಿಸಿಲಿಗೆ ಬಣ್ಣ ಮಾಸುವುದಿಲ್ಲ, ಗುರುತು ಎದುರಿಗೇ ಕಾಣುತ್ತದೆ, ಅವಸರದಲ್ಲಿ ಎಳೆದುಕೊಳ್ಳುವವನ ಕಣ್ಣಿಗೆ ಆಕರ್ಷಕವಾಗಿಯೂ ತೋರದು. ಒಳ್ಳೆಯ ಅಂಗಿಯಿದ್ದರೆ ಕೋಣೆಯೊಳಗೇ ಕಿಟಕಿಯಿಂದ ಬಾಗಿಲಿಗೆ ನೈಲಾನ್ ಹಗ್ಗ ಕಟ್ಟಿ, ಒಣ ಟವೆಲ್ಲಿನಲ್ಲಿ ಸುತ್ತಿ ಹಿಂಡಿ, ಫ್ಯಾನಿನ ಗಾಳಿಗೆ ಬಿಡಬಹುದು. ಮಲೆನಾಡಿನ ಕಡೆ ಓದುವವರಿಗೆ ಆಷಾಢದಲ್ಲಿ ಬೇರೆ ದಾರಿಯೇ ಇಲ್ಲ. ಈಗ ಹಲವು ನಿಲಯಗಳಲ್ಲಿ ಬಟ್ಟೆ ಒಗೆಯುವ ಯಂತ್ರಗಳು ಬಂದಿವೆ. ಯಂತ್ರ ನಿಂತ ಮೇಲೆ ಅರ್ಧ ಗಂಟೆ ತಡವಾದರೆ ಮುಂದಿನವನು ನಿಮ್ಮ ಬಟ್ಟೆಯನ್ನು ತೆಗೆದು ಎಲ್ಲಿಯೋ ಒಟ್ಟುತ್ತಾನೆ, ಅವನನ್ನು ದೂರುವಂತಿಲ್ಲ. ಮೊಬೈಲಿನಲ್ಲಿ ಗಂಟೆ ಬಾರಿಸುವಂತೆ ಇಟ್ಟುಕೊಳ್ಳಲಿ. ಆ ಯಂತ್ರವನ್ನು ನಮ್ಮ ಹುಡುಗರು ಸಂದೇಶ ನೋಡಲಷ್ಟೇ ಬಳಸಬೇಕೆಂದೇನೂ ಇಲ್ಲ.

ಬಸವಣ್ಣನವರ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ಕರುಗಳು ಹಸಿದಾವೆಂದು ಅವುಗಳನ್ನೂ ಹಿಂದೆಯೇ ಕಳುಹಿಸಿಕೊಟ್ಟರೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ನಾವು ಅಷ್ಟು ದೊಡ್ಡವರಲ್ಲ. ಪೆಟ್ಟಿಗೆಗೆ ಬೀಗ ಹಾಕಲೇಬೇಕು. ಬೀಗ ಎಷ್ಟು ಗಟ್ಟಿಯಿದ್ದರೂ ಅದು ಕೂರುವ ಕೊಂಡಿ ಸಡಿಲವಾಗಿದ್ದರೆ ವ್ಯರ್ಥ. ಕೊಳ್ಳುವಾಗ ಕೊಂಡಿಯನ್ನು ಎಳೆದು ನೋಡಿ. ಮೂರು ಅಂಕಿಗಳ ಸಂಖ್ಯೆಯ ಬೀಗಗಳ ಮೇಲೆ ನನಗೆ ವಿಶ್ವಾಸವಿಲ್ಲ. ಅದರಲ್ಲಿರುವುದು ಒಟ್ಟು 1000 ಸಂಖ್ಯೆಗಳು. ಒಂದಕ್ಕೆ ಮೂರು ಸೆಕೆಂಡಿನಂತೆ ತಿರುವುತ್ತ ಹೋದರೂ ಬಿಡುವಿರುವ ಹುಡುಗನೊಬ್ಬ ಒಂದು ಗಂಟೆಯೊಳಗೆ ಬೀಗ ತೆಗೆದಾನು. ಹಿಂದಿನ ಹುಡುಗರು ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದರು, ಸ್ನಾನದ ಹೊತ್ತಿನಲ್ಲಿಯೂ ಮೈಮೇಲಿರುತ್ತಿತ್ತು. ಪೆಟ್ಟಿಗೆಯ ಮುಚ್ಚಳದ ಒಳಗೆ ಬಟ್ಟೆಗಳ ಪಟ್ಟಿಯೊಂದನ್ನು ಅಂಟಿಸಿ, ತಿಂಗಳಿಗೊಮ್ಮೆ ತಾಳೆ ನೋಡುವುದು ಒಳ್ಳೆಯದು. ಪ್ರತಿಯೊಂದು ಅರಿವೆಯ ಛಾಯಾಚಿತ್ರ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಹೆಣ್ಣುಮಕ್ಕಳ ನಿಲಯಗಳ ಬಗ್ಗೆ ತಾಯಂದಿರಲ್ಲಿ ಒಂದು ಮಾತು. ಒಳ ಉಡುಪುಗಳು ತಂತಿಯಿಂದ ಕಾಣೆಯಾದರೆ ಹುಡುಗಿಯರು ಸಂಕೋಚದಿಂದ ಹೇಳುವುದಿಲ್ಲ; ಹೇಳಿದರೆ ಗೆಳತಿಯರು ನಕ್ಕುಬಿಡುತ್ತಾರೆ. ಇದು ನಗುವ ವಿಷಯವಲ್ಲ. ಹೊರಗಿನ ವ್ಯಕ್ತಿಯೊಬ್ಬ ಆವರಣದೊಳಗೆ ಬರುತ್ತಿದ್ದಾನೆಂಬುದರ ಸೂಚನೆ ಅದಾಗಿರಬಹುದು. ಒಮ್ಮೆಯಾದರೂ ಸರಿ, ಮೇಲ್ವಿಚಾರಕಿಯರಿಗೆ ಲಿಖಿತವಾಗಿ ತಿಳಿಸಬೇಕು. ಅವರು ಅಲಕ್ಷ್ಯ ಮಾಡಿದರೆ ತಂದೆತಾಯಿ ಹೋಗಿ ಕೇಳಬೇಕು.

ಬಟ್ಟೆ ಹೋಯಿತೆಂದು ತಿಳಿದಾಗ ಏನು ಮಾಡಬೇಕು? ಮೊದಲು ತಂತಿಯ ಕೆಳಗೆ, ಪಕ್ಕದ ಮನೆಯ ಅಂಗಳದಲ್ಲಿ, ಇಸ್ತ್ರಿಯ ಗಂಟಿನಲ್ಲಿ ಹುಡುಕಬೇಕು. ಎರಡು ದಿನ ಸೂಚನಾ ಫಲಕದಲ್ಲಿ ಬಟ್ಟೆಯ ವರ್ಣನೆ ಹಾಕಬೇಕು, ಆದರೆ ಗುರುತಿನ ಸಂಖ್ಯೆಯನ್ನು ಬರೆಯಬಾರದು; ತಂದುಕೊಟ್ಟವನೆದುರು ಅದನ್ನು ತೋರಿಸಿ ಪಡೆಯಬೇಕು. ಯಾರ ಪೆಟ್ಟಿಗೆಯನ್ನೂ ಹುಡುಗರು ತಾವೇ ತೆರೆಯಬಾರದು. ತನ್ನ ಅಂಗಿಯನ್ನು ಮತ್ತೊಬ್ಬನ ಮೈಮೇಲೆ ಕಂಡರೆ ಎಲ್ಲರ ಮುಂದೆ ಕೂಗಾಡದೆ, ಒಬ್ಬನೇ ಸಿಕ್ಕಾಗ ‘ಅಣ್ಣಾ, ಕೊರಳಪಟ್ಟಿ ಒಮ್ಮೆ ನೋಡ್ತೀಯಾ?’ ಎಂದರೆ ಹತ್ತರಲ್ಲಿ ಎಂಟು ಸಲ ಅಂಗಿ ಅಂದೇ ಮರಳುತ್ತದೆ.

ನಿಜವಾಗಿ ಕದ್ದವನು ಸಿಕ್ಕಿದನೆನ್ನಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಂತೆ ಕಳವಿಗೆ ಮೂರು ವರ್ಷಗಳವರೆಗೆ ಸೆರೆವಾಸವಿದೆ. ಆದರೆ ವಸ್ತುವಿನ ಬೆಲೆ 5000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ತಪ್ಪಿತಸ್ಥನಾದವನು ಅದನ್ನು ಇಲ್ಲವೆ ಅದರ ಬೆಲೆಯನ್ನು ಹಿಂದಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆ ಸಾಕೆಂದು ಅದೇ ಕಲಮು ಹೇಳುತ್ತದೆ. ಇದನ್ನು ಓದಿದಾಗ ನನಗೆ ಸಂತೋಷವಾಯಿತು. ನನ್ನ ಕಾಲದಲ್ಲಿ ಹೀಗೆ ಸಿಕ್ಕವರು ಮೂವರು. ಪೋಲೀಸರವರೆಗೆ ಯಾರನ್ನೂ ಒಯ್ಯಲಿಲ್ಲ. ಅರಿವೆ ಹಿಂದಿರುಗಿಸಿ, ಒಂದು ತಿಂಗಳು ದಾಸೋಹದ ಪಂಕ್ತಿಯಲ್ಲಿ ಬಡಿಸುವ ಕೆಲಸ ಮಾಡಬೇಕೆಂದು ಹೇಳಿದೆ. ಕಾರಣವನ್ನು ನಾನೂ ಅವರೂ ಬಿಟ್ಟರೆ ಇತರರಿಗೆ ತಿಳಿಸಲಿಲ್ಲ. ಇಬ್ಬರು ತಿದ್ದಿಕೊಂಡರು. ಒಬ್ಬ ಮತ್ತೆ ಅದೇ ದಾರಿ ಹಿಡಿದ. ಅವನ ತಂದೆಯನ್ನು ಕರೆಸಬೇಕಾಯಿತು.

ಕೊನೆಗೆ, ಏನು ಕಳುಹಿಸಬೇಕೆಂಬುದು. ಲಗ್ನಕ್ಕೆ ಹೊಲಿಸಿದ ಅರಿವೆ, ರೇಷ್ಮೆಯ ಅಂಗಿ, ದುಬಾರಿ ಹೆಸರಿನ ಜೀನ್ಸು ಇವು ಮನೆಯಲ್ಲೇ ಇರಲಿ, ಹಬ್ಬಕ್ಕೆ ಬಂದಾಗ ತೊಡಲಿ. ನಿತ್ಯದ ಐದಾರು ಜೊತೆ ಸಾಕು. ಜೊತೆಗೆ ಒಂದು ಕೌದಿ ಕಳುಹಿಸಿ. ನನ್ನ ಇಪ್ಪತ್ತೆರಡು ವರ್ಷಗಳಲ್ಲಿ ಅಂಗಡಿಯ ಹೊದಿಕೆಗಳು ಎಷ್ಟೋ ಹೋದವು, ಕೌದಿಯೊಂದೂ ಹೋಗಲಿಲ್ಲ. ಅಜ್ಜಿಯ ಇಳಕಲ್ ಸೀರೆಯ ಸೆರಗು, ಅಪ್ಪನ ಹಳೆಯ ಧೋತರ, ತಂಗಿಯ ಪರಕಾರದ ತುಂಡು ಸೇರಿ ಆದ ಕೌದಿ ಇಡೀ ನಿಲಯದಲ್ಲಿ ಒಂದೇ ಇರುತ್ತದೆ. ಕದ್ದವನು ಹೊದ್ದು ಮಲಗುವುದಾದರೂ ಹೇಗೆ? ಲಗ್ನದ ಮನೆಯಲ್ಲಿ ಭೇಟಿಯಾದ ಆ ಸೋದರಿಗೆ ನಾನು ಹೇಳಿದ್ದೂ ಇದನ್ನೇ: ಪೆನ್ನು ಸಿಗದಿದ್ದರೆ ಚಿಂತೆಯಿಲ್ಲ, ಕೌದಿಯಲ್ಲಿ ಉಳಿದ ಸೀರೆಯ ಚೂರನ್ನು ಹೆಬ್ಬೆರಳಿನ ಉಗುರಿನಷ್ಟು ಕತ್ತರಿಸಿ ಪ್ರತಿಯೊಂದು ಅಂಗಿಯ ಕೊರಳಪಟ್ಟಿಯ ಒಳಗೆ ಹೊಲಿದುಬಿಡಿ. ಈ ಸಲ ಎಲ್ಲ ಅಂಗಿಗಳಿಗೂ ಹೊಲಿದು ಕಳುಹಿಸಿದ್ದೇನೆಂದು ಕಳೆದ ವಾರ ಫೋನು ಮಾಡಿದ್ದರು. ಬನಿಯನ್ನುಗಳಿಗೆ ಮಾತ್ರ ಬೇಡವೆಂದು ಮಗ ಹಟ ಹಿಡಿದನಂತೆ.